ಎಲ್ಲರನ್ನೂ ಖಾಯಂ ಮಾಡಿದ ಡೈರೆಕ್ಟರು

ನಮ್ಮ ಡೈರೆಕ್ಟರು ನಿವೃತ್ತರಾಗಿ ವರ್ಷವಾಗುತ್ತ ಬಂತು. ಅವರ ಬಗ್ಗೆ ಆಡಬಹುದಾದ ಒಳ್ಳೆಯ ಮಾತುಗಳನ್ನೆಲ್ಲ ಬೀಳ್ಕೊಡುಗೆಯ ದಿನವೇ ಆಡಿ ಮುಗಿಸಿಬಿಟ್ಟಿದ್ದಾರೆ. ಒಬ್ಬರು ಆಲದ ಮರ ಎಂದರು. ಇನ್ನೊಬ್ಬರು ನಡೆದಾಡುವ ಗ್ರಂಥಾಲಯ ಎಂದರು. ಮತ್ತೊಬ್ಬರು ದೀಪಸ್ತಂಭ ಎಂದು ಹೇಳಿ, ಸಾಲದೆನಿಸಿತೋ ಏನೋ, ಆಲದ ಮರವನ್ನೂ ಸೇರಿಸಿಕೊಂಡರು. ಹಾಗಾಗಿ ನನ್ನ ಪಾಲಿಗೆ ಒಳ್ಳೆಯ ಮಾತು ಹೆಚ್ಚೇನೂ ಉಳಿದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ. ಬರೆಯದಿದ್ದರೂ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ದುಡಿದವರು ಪ್ರತಿಯೊಬ್ಬರೂ ತಮ್ಮ ತಮ್ಮ ಡೈರೆಕ್ಟರನ್ನೇ ನೆನೆಸಿಕೊಳ್ಳುತ್ತಾರೆ ಎಂದು ನನಗೆ ಗೊತ್ತು.

ನಮ್ಮ ವಿಶ್ವವಿದ್ಯಾಲಯ ಇರುವುದು ಯಲಹಂಕ ದಾಟಿ ಸ್ವಲ್ಪ ಮುಂದೆ. ಮೊದಲು ಅಲ್ಲಿ ದ್ರಾಕ್ಷಿ ತೋಟ, ಅದರಾಚೆ ರಾಗಿ ಹೊಲ. ಆ ಜಮೀನಿನ ಯಜಮಾನರೇ ಈಗ ಛೇರ್ಮನ್ನರು. ಕೆಟ್ಟ ಮನುಷ್ಯರಲ್ಲ. ಎದುರಿಗೆ ಸಿಕ್ಕಿದರೆ ಊಟ ಆಯ್ತಾ ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಕೈ ಹಾಕುವ ಮೊದಲು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಎರಡನ್ನೂ ಒಂದೇ ತತ್ವದ ಮೇಲೆ ನಡೆಸುತ್ತಿದ್ದರು: ಹಾಲ್ ಖಾಲಿ ಬೀಳಬಾರದು. ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಟ್ಟಡಗಳು ಎದ್ದು ತುಂಬಿದ ಮೇಲೆ ಯಾರೋ ಅವರ ಕಿವಿಗೆ ಹಾಕಿದರಂತೆ, ಮಾನವಿಕ ವಿಭಾಗ ಅಂತ ಒಂದಿಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಗೌರವ ಬರುವುದಿಲ್ಲ ಎಂದು. ಗೌರವ ತರುವುದಕ್ಕೆಂದು ಕರೆಸಿದ್ದು ನಮ್ಮ ಡೈರೆಕ್ಟರನ್ನು. ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ಹೆಸರು ಮಾಡಿದ್ದವರು, ಸ್ವಯಂ ನಿವೃತ್ತಿ ತೆಗೆದುಕೊಂಡು ಬಂದರು.

ಮೊದಲ ಭೇಟಿಯಲ್ಲೇ ಛೇರ್ಮನ್ನರು ಕೇಳಿದರಂತೆ, "ಸಾಮಿ, ಈ ಇಸ್ಟ್ರಿ ಓದ್ದ ಮಕ್ಳು ಆಮ್ಯಾಕೆ ಏನ್ ಮಾಡ್ತವೆ?"

"ಆಡಳಿತ ಮಾಡ್ತಾರೆ ಸರ್" ಅಂದರಂತೆ ಇವರು.

ಛೇರ್ಮನ್ನರಿಗೆ ಈ ಉತ್ತರ ಬಹಳ ಹಿಡಿಸಿತು. ಈ ಕತೆಯನ್ನು ಡೈರೆಕ್ಟರೇ ನಮಗೆ ಹತ್ತಾರು ಸಲ ಹೇಳಿದ್ದಾರೆ, ಪ್ರತಿ ಸಲವೂ ತಾವೇ ಮೊದಲು ನಕ್ಕಿದ್ದಾರೆ. ಒಂದು ಮಾತು ಒಪ್ಪಬೇಕು. ಇತಿಹಾಸ ಓದಿದವರ ಪೈಕಿ ಅಲ್ಲಿ ಆಡಳಿತ ಮಾಡಿದವರು ಅವರೊಬ್ಬರೇ.

ನಾನು ಅಲ್ಲಿ ಕನ್ನಡ ಅಧ್ಯಾಪಕ. ಎಂಜಿನಿಯರಿಂಗ್ ಮಕ್ಕಳಿಗೂ ಕನ್ನಡ ಕಲಿಸಲೇಬೇಕೆಂದು ಸರ್ಕಾರದ ಆದೇಶ ಇರುವುದರಿಂದ ನನ್ನ ಕುರ್ಚಿ ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ಡೈರೆಕ್ಟರು ನನ್ನನ್ನು "ಕನ್ನಡ ಮೇಷ್ಟ್ರೇ" ಎಂದು ಕರೆಯುತ್ತಿದ್ದರು. ಪ್ರೀತಿಯಿಂದ ಕರೆಯುತ್ತಿದ್ದಾರೆಂದು ಮೊದಮೊದಲು ಅಂದುಕೊಂಡಿದ್ದೆ. ಹೆಸರು ನೆನಪಿರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಅವರ ಸಭೆಗಳ ಬಗ್ಗೆ ಹೇಳಬೇಕು. ಸಾಮಾನ್ಯವಾಗಿ ಸಭೆ ಮುಗಿದ ಮೇಲೆ ನಡಾವಳಿ ಬರೆಯುತ್ತಾರೆ. ನಮ್ಮ ವಿಭಾಗದಲ್ಲಿ ಅದು ಸಭೆಗೆ ಮೊದಲೇ ಟೈಪಾಗಿ ಬಂದಿರುತ್ತಿತ್ತು. ಯಾರು ಏನು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಹರ್ಷ ವ್ಯಕ್ತಪಡಿಸಿದರು, ಎಲ್ಲ ಅದರಲ್ಲಿ ಇರುತ್ತಿತ್ತು. ಡೈರೆಕ್ಟರು ಅದನ್ನು ಗಟ್ಟಿಯಾಗಿ ಓದುವುದು, ನಾವು ವಡೆ ತಿನ್ನುತ್ತ ಕೇಳುವುದು, ಸಹಿ ಹಾಕುವುದು. ಒಂದು ಸಲ ನಾನು ಆರ್.ಟಿ. ನಗರದಲ್ಲಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದ ಹೊತ್ತಿಗೆ, ಇಲ್ಲಿ ಸಭೆಯಲ್ಲಿ ದೀರ್ಘವಾಗಿ ಮಾತನಾಡಿ ಹೊಸ ಪಠ್ಯಕ್ರಮವನ್ನು ಮನಸಾರೆ ಸ್ವಾಗತಿಸಿದ್ದೆನಂತೆ. ಮರುದಿನ ಹೋಗಿ ಕೇಳಿದೆ.

"ಸರ್, ನಾನು ನಿನ್ನೆ ರಜಾ ಇದ್ದೆ."

"ಇದ್ದಿದ್ರೆ ಸ್ವಾಗತ ಮಾಡ್ತಿರ್ಲಿಲ್ವೇನ್ರೀ?"

"ಅದನ್ನ ಓದ್ಬೇಕಿತ್ತು ಸರ್, ಆಮೇಲೆ..."

"ಓದಿದ್ಮೇಲೂ ಸ್ವಾಗತಾನೇ ಮಾಡ್ತಿದ್ರಿ. ಸುಮ್ನೆ ಟೈಮ್ ವೇಸ್ಟು. ತಗೊಳ್ಳಿ, ಏಲಕ್ಕಿ."

ಅಂಗಿಯ ಜೇಬಿನಲ್ಲಿ ಅವರು ಸದಾ ಏಲಕ್ಕಿ ಇಟ್ಟುಕೊಂಡಿರುತ್ತಿದ್ದರು. ಯಾರಿಂದಲಾದರೂ ಏನನ್ನಾದರೂ ಕಿತ್ತುಕೊಳ್ಳಬೇಕಾದಾಗ ಮೊದಲು ಅವರ ಅಂಗೈಗೆ ಒಂದು ಏಲಕ್ಕಿ ಬೀಳುತ್ತಿತ್ತು. ಸಮಾಜಶಾಸ್ತ್ರದವರಿಗೆ ಏಲಕ್ಕಿ ಬಿದ್ದ ವಾರವೇ ಅವರ ಕೊಠಡಿ ಅಡ್ಮಿಷನ್ ಆಫೀಸಾಯಿತು. ತತ್ವಶಾಸ್ತ್ರದವರಿಗೆ ಬಿದ್ದದ್ದು ಎರಡು. ಆ ವಿಷಯವೇ ಮುಚ್ಚಿಹೋಯಿತು.

ಇನ್ನು ಅವರ ಸ್ನೇಹಿತರ ಬಳಗ. ಪಠ್ಯಕ್ರಮ ಸಮಿತಿಗೂ ನೇಮಕಾತಿ ಸಮಿತಿಗೂ ಹೊರಗಿನ ತಜ್ಞರು ಇರಬೇಕೆಂದು ನಿಯಮ. ಇವರ ತಜ್ಞರು ಯಾವಾಗಲೂ ಅವರೇ: ಯಶವಂತಪುರದ ಕಡೆಯ ಕಾಲೇಜಿನವರೊಬ್ಬರು, ಹೆಬ್ಬಾಳದ ಕಡೆಯವರೊಬ್ಬರು, ಇನ್ನೂ ಒಬ್ಬಿಬ್ಬರು. ಅವರ ಸಮಿತಿಗಳಿಗೆ ಇವರು ತಜ್ಞರು. ಅವರ ಅಳಿಯ ಇಲ್ಲಿ ಸೇರಿದರೆ ಇವರ ಶಿಷ್ಯ ಅಲ್ಲಿ ಸೇರುತ್ತಿದ್ದ. ಅಭ್ಯರ್ಥಿ ಒಳಗೆ ಬಂದು ಕೂತರೆ ಕೇಳುತ್ತಿದ್ದ ಪ್ರಶ್ನೆಗಳೂ ಅವವೇ. ಹೆಬ್ಬಾಳದವರಂತೂ ಅಭ್ಯರ್ಥಿಯ ಮುಖ ನೋಡುವ ಮೊದಲು ಗಡಿಯಾರ ನೋಡುತ್ತಿದ್ದರು, ಊಟಕ್ಕೆ ಮೊದಲೋ ಆಮೇಲೋ ಎಂದು. ಇಂಥ ನೇಮಕಾತಿಯಿಂದ ಬಂದ ಒಬ್ಬ ಮಹಾಶಯರು ಇತಿಹಾಸಕ್ಕೆ ಸೇರಿ, ಒಂದು ಸೆಮಿಸ್ಟರ್ ಪೂರ್ತಿ ಮಕ್ಕಳಿಗೆ ವಿಡಿಯೋ ತೋರಿಸಿದರು. ಮಕ್ಕಳು ದೂರು ಕೊಟ್ಟಾಗ ಡೈರೆಕ್ಟರು ಅದಕ್ಕೆ 'ದೃಶ್ಯ ಮಾಧ್ಯಮದ ಮೂಲಕ ಬೋಧನೆ' ಎಂದು ಹೆಸರಿಟ್ಟು ವಾರ್ಷಿಕ ವರದಿಗೆ ಸೇರಿಸಿದರು.

ಇಷ್ಟಾದರೂ ಆ ಮನುಷ್ಯನಿಗೆ ಪಾಠ ಬರುತ್ತಿತ್ತು. ನನ್ನ ಸಿಟ್ಟಿಗೆ ದೊಡ್ಡ ಕಾರಣವೇ ಅದು. ಏನೂ ಬಾರದವನೊಬ್ಬ ಅಧಿಕಾರದಲ್ಲಿ ಕೂತು ಹಾಳು ಮಾಡಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಇವರು ವರ್ಷಕ್ಕೊಮ್ಮೆ, ಹೊಸ ಮಕ್ಕಳು ಸೇರಿದಾಗ, ಒಂದೇ ಒಂದು ಪಾಠ ಮಾಡುತ್ತಿದ್ದರು. ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನ ಹಿಂದೆ ಹಳೆಯ ವೀರಗಲ್ಲೊಂದಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅದರ ಸುತ್ತ ಬಿದ್ದಿರುವ ಪ್ಲಾಸ್ಟಿಕ್ಕನ್ನು ತಾವೇ ಬಗ್ಗಿ ಎತ್ತಿ ಪಕ್ಕಕ್ಕೆ ಹಾಕಿ, ದನಗಳನ್ನು ಬಿಡಿಸಲು ಹೋಗಿ ಸತ್ತ ಆ ಹೆಸರಿಲ್ಲದ ಮನುಷ್ಯನ ಬಗ್ಗೆ ಮಾತನಾಡುತ್ತಿದ್ದರು. ಮೇಲೆ ವಾಯುನೆಲೆಯ ವಿಮಾನ ಹಾದುಹೋದರೆ, ಎತ್ತಿದ ಬೆರಳನ್ನು ಹಾಗೇ ಹಿಡಿದುಕೊಂಡು ನಿಲ್ಲುತ್ತಿದ್ದರು. ಸದ್ದು ಅಡಗಿದ ಕೂಡಲೇ, ನಿಂತ ಪದದಿಂದಲೇ ಮುಂದುವರಿಸುತ್ತಿದ್ದರು. ಮಕ್ಕಳು ಫೋನು ಒಳಗಿಟ್ಟು ಕೇಳುತ್ತಿದ್ದರು. ನಾನೂ ನಿಂತು ಕೇಳಿದ್ದೇನೆ. ವಾಪಸು ಬಂದು ಅದೇ ಸಂಜೆ ಇತಿಹಾಸಕ್ಕೆ ಒಂದು ತರಗತಿ ಕಡಿಮೆ ಮಾಡಿ ಟೈಮ್ ಟೇಬಲ್ ಹಾಕಿದ್ದನ್ನೂ ನೋಡಿದ್ದೇನೆ.

ವಾರಿಜಾ ಇತಿಹಾಸಕ್ಕೆ ಬಂದದ್ದು ಅವರ ಇಂಥ ಪಾಠ ಕೇಳಿಯೇ. ಆಕೆ ಬೆಳೆದದ್ದು ಜಾಲಹಳ್ಳಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸರ್ಕಾರಿ ಕಾಲೇಜಿನಲ್ಲಿ ಇವರ ಶಿಷ್ಯೆ. ಇವರು ಇಲ್ಲಿಗೆ ಬಂದಾಗ "ನೀನೂ ಬಾರಮ್ಮ, ಒಟ್ಟಿಗೆ ಕಟ್ಟೋಣ" ಎಂದು ಕರೆದರಂತೆ. ಡಾಕ್ಟರೇಟು ಮುಗಿಸಿ ಬಂದಳು. ಹನ್ನೊಂದು ತಿಂಗಳ ಕರಾರಿನ ಮೇಲೆ ಸೇರಿದಳು, ಮುಂದಿನ ವರ್ಷ ಖಾಯಂ ಮಾಡುತ್ತೇನೆ ಎಂಬ ಮಾತಿನೊಂದಿಗೆ. ಆ ಮುಂದಿನ ವರ್ಷ ಪ್ರತಿ ವರ್ಷವೂ ಮುಂದಿನ ವರ್ಷವೇ ಆಗಿ ಉಳಿಯಿತು.

ನಮ್ಮಲ್ಲಿ ಜೂನ್ ತಿಂಗಳು ವಿಚಿತ್ರವಾದದ್ದು. ಕರಾರು ಮೇ ಕೊನೆಗೆ ಮುಗಿಯುತ್ತದೆ, ಹೊಸದು ಬರುವುದು ಜುಲೈಗೆ. ನಡುವೆ ಕರಾರಿನವರು ಯಾರೂ ವಿಶ್ವವಿದ್ಯಾಲಯದವರಲ್ಲ. ಆದರೆ ಅಡ್ಮಿಷನ್ ನಡೆಯುವುದು ಆ ತಿಂಗಳಲ್ಲೇ, ಮಕ್ಕಳನ್ನು ಹಿಡಿದು ತರಬೇಕಾದವರೂ ಇವರೇ. ನಿಮ್ಮ ವಿಷಯಕ್ಕೆ ಮಕ್ಕಳು ಬಂದರೆ ನಿಮಗೆ ಕೆಲಸ, ಬರದಿದ್ದರೆ ಇಲ್ಲ. ಇದೂ ಡೈರೆಕ್ಟರ ಏರ್ಪಾಡು. ಅದಕ್ಕೆ ಅವರು ಇಟ್ಟ ಹೆಸರು 'ಸ್ವಾವಲಂಬನೆ'. ವಾರಿಜಾ ಬಿಸಿಲಲ್ಲಿ ಕೊಡೆ ಹಿಡಿದುಕೊಂಡು ಜಾಲಹಳ್ಳಿ, ಅಲ್ಲಾಳಸಂದ್ರದ ಪಿಯು ಕಾಲೇಜುಗಳ ಗೇಟಿನ ಮುಂದೆ ನಿಲ್ಲುತ್ತಿದ್ದಳು. ಮನೆಗಳಿಗೆ ಹೋಗಿ ತಾಯಂದಿರ ಜೊತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಮಾತಾಡುತ್ತಿದ್ದಳು. ಒಂದು ಮನೆಯಲ್ಲಿ ಆಕೆಯನ್ನು ಚಿಟ್ ಫಂಡಿನವಳೆಂದು ತಿಳಿದು ಬಾಗಿಲು ಹಾಕಿಕೊಂಡರಂತೆ.

"ಸರ್, ಅವ್ರು ಬಾಗಿಲು ಹಾಕ್ಕೊಂಡಿದ್ದೇ ಸರಿ ಅನ್ಸುತ್ತೆ ಒಂದೊಂದ್ಸಲ" ಎಂದು ನಗುತ್ತಿದ್ದಳು. "ಚಿಟ್ ಫಂಡಲ್ಲಾದ್ರೆ ಒಂದ್ ದಿನ ನಮ್ ಸರದಿ ಬರುತ್ತೆ."

ಆಕೆಯ ಸರದಿ ಬಂದ ಹಾಗೆ ಕಂಡದ್ದು ತಪಾಸಣಾ ತಂಡ ಬಂದಾಗ. ಕೆಲವು ವರ್ಷಕ್ಕೊಮ್ಮೆ ಹೊರಗಿನಿಂದ ಈ ತಂಡ ಬಂದು ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಟ್ಟು ಹೋಗುತ್ತದೆ. ನಾವೆಲ್ಲ ಅದನ್ನು 'ಟೀಮು' ಎನ್ನುತ್ತಿದ್ದೆವು, ಊರಿಗೆ ಪೊಲೀಸರು ಬಂದರೆ ಮಾತಾಡುವ ದನಿಯಲ್ಲಿ. ಟೀಮಿಗೆ ಮುಖ್ಯವಾಗಿ ಬೇಕಾದದ್ದು ಖಾಯಂ ಅಧ್ಯಾಪಕರು. ನಮ್ಮಲ್ಲಿ ಅದೇ ಇರಲಿಲ್ಲ. ಡೈರೆಕ್ಟರು ಒಂದೇ ವಾರದಲ್ಲಿ ಎಲ್ಲರನ್ನೂ ಖಾಯಂ ಮಾಡಿದರು. ವೆಬ್‌ಸೈಟಿನಲ್ಲಿ ಎಲ್ಲರ ಫೋಟೋ, ಕೆಳಗೆ ಹೆಸರು, ಹುದ್ದೆ, ಸೇರಿದ ವರ್ಷ. ನಿವೃತ್ತರಾಗಿ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಪ್ರೊಫೆಸರುಗಳನ್ನು ಕಾರಿನಲ್ಲಿ ಕರೆತಂದು ಕೊಠಡಿ ಕೊಟ್ಟು ಕೂರಿಸಿದರು. ಅವರಲ್ಲೊಬ್ಬರಿಗೆ ಶೌಚಾಲಯ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಟೀಮಿನವರನ್ನೇ ಕೇಳಿಬಿಟ್ಟರು.

ಆ ಗದ್ದಲದ ನಡುವೆ ಡೈರೆಕ್ಟರು ವಾರಿಜಾಳನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ, ಟೀಮಿನ ಸ್ವಾಗತ ಭಾಷಣ ಬರೆದು ತಂದುಕೊಟ್ಟಿದ್ದೆ. ಆಕೆಯ ಅಂಗೈಗೆ ಏಲಕ್ಕಿ ಬಿತ್ತು.

"ನೋಡಮ್ಮ, ಅವರು ಕೇಳಿದ್ರೆ ನಾಲ್ಕು ವರ್ಷದಿಂದ ಪರ್ಮನೆಂಟು ಅಂತ ಹೇಳ್ಬೇಕು."

"ಸರ್, ಸುಳ್ಳಾಗಲ್ವಾ?"

"ಇವತ್ತು ಸುಳ್ಳು. ಜೂನಿಗೆ ನಿಜ. ಆರ್ಡರ್ ನಾನೇ ಕೊಡ್ತೀನಿ. ನಿನ್ ಮೇಷ್ಟ್ರ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ನಂಬಿಕೆ ಇತ್ತು. ಆಕೆಗೆ ಒಂದು ಕೊಠಡಿ ಸಿಕ್ಕಿತು, ಬಾಗಿಲಿಗೆ ಹಿತ್ತಾಳೆಯ ನಾಮಫಲಕ. ಮೊದಲ ದಿನ ಬೆಳಿಗ್ಗೆ ಅದರ ಮುಂದೆ ನಿಂತು ಆಕೆ ಸೆರಗಿನ ತುದಿಯಿಂದ ಅದನ್ನು ಒರೆಸುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡು ನಾಚಿಕೊಂಡು ಒಳಗೆ ಹೋದಳು.

ಟೀಮಿನ ಮುಖ್ಯಸ್ಥೆ ಉತ್ತರದ ಕಡೆಯ ಹಿರಿಯ ಹೆಂಗಸು. ವಾರಿಜಾಳ ತರಗತಿಯಲ್ಲಿ ಹತ್ತು ನಿಮಿಷ ಎಂದು ಕೂತವರು ಪೂರ್ತಿ ಕೂತರು. ಮುಗಿದ ಮೇಲೆ ಇಂಗ್ಲಿಷಿನಲ್ಲಿ ಕೇಳಿದರು, ನೀವು ಇಲ್ಲಿ ಖಾಯಮ್ಮಾ ಎಂದು. ವಾರಿಜಾ ಡೈರೆಕ್ಟರ ಮುಖ ನೋಡಿದಳು. ಅವರು ಚಾವಣಿಯ ಫ್ಯಾನು ನೋಡುತ್ತಿದ್ದರು. ಹೌದು, ನಾಲ್ಕು ವರ್ಷದಿಂದ, ಎಂದಳು. ಮುಖ್ಯಸ್ಥೆ ಕೈ ಕುಲುಕಿದರು. ನಿಮ್ಮಂಥವರನ್ನು ಉಳಿಸಿಕೊಂಡಿರುವುದೇ ಈ ವಿಭಾಗದ ಶಕ್ತಿ ಎಂದರು. ಹಾಗೆಂದೇ ವರದಿಯಲ್ಲೂ ಬರೆದರು. ಒಳ್ಳೆಯ ದರ್ಜೆ ಬಂತು. ಛೇರ್ಮನ್ನರು ಎಲ್ಲರಿಗೂ ಲಾಡು ಹಂಚಿಸಿದರು. ಟೀಮಿನ ಕಾರು ಗೇಟು ದಾಟಿದ ಸಂಜೆಯೇ ನಾಮಫಲಕದ ಸ್ಕ್ರೂ ಬಿಚ್ಚಿದರು. ಅದರ ಹಿಂದೆ ಡಬಲ್ ಟೇಪಾದರೂ ಅಂಟಿಸಬಹುದಿತ್ತು, ಅಷ್ಟು ಬೇಗ ಬಿಚ್ಚುವುದಿದ್ದರೆ ಗೋಡೆಗೆ ತೂತು ಯಾಕೆ ಕೊರೆದರೋ.

ಜೂನ್ ಬಂತು. ವಾರಿಜಾ ಆರ್ಡರ್ ಕೇಳಲು ಹೋದಳು. ಅಲ್ಲಿ ನಡೆದದ್ದನ್ನು ಆಕೆ ನನಗೆ ಅವತ್ತೇ ಕ್ಯಾಂಟೀನಿನಲ್ಲಿ ಹೇಳಿದಳು, ಅವರ ದನಿಯಲ್ಲೇ.

"ಯಾವ ಆರ್ಡರಮ್ಮ?"

"ಪರ್ಮನೆಂಟ್ ಆರ್ಡರ್ ಸರ್. ಟೀಮ್ ಬಂದಾಗ ಹೇಳಿದ್ರಲ್ಲ."

"ಅಲ್ಲಮ್ಮ, ನೀನು ಆಗ್ಲೇ ಪರ್ಮನೆಂಟು ಅಂತ ನಾವೇ ಬರ್ಕೊಟ್ಟಿದೀವಲ್ಲ. ಹುದ್ದೆ ಭರ್ತಿ ಆಗಿದೆ. ಭರ್ತಿ ಆಗಿರೋ ಹುದ್ದೆಗೆ ಇನ್ನೊಂದ್ಸಲ ಹೆಂಗೆ ತಗೊಳ್ಳೋದು? ನಾಳೆ ಯಾರಾದ್ರೂ ಕೇಳಿದ್ರೆ?"

"ಭರ್ತಿ ಆಗಿರೋದು ನನ್ನಿಂದಾನೇ ಅಲ್ವಾ ಸರ್?"

"ಅದೇ ಮತ್ತೆ. ನಿನ್ನಿಂದಾನೇ ಆಗಿದೆ. ಸಂತೋಷ ಪಡು."

"ಹೋಗ್ಲಿ ಸರ್, ಕಾಂಟ್ರ್ಯಾಕ್ಟಾದ್ರೂ ರಿನ್ಯೂ ಮಾಡಿ."

"ಅಲ್ಲೂ ಅದೇ ತೊಂದ್ರೆ ಕಣಮ್ಮ. ಇತಿಹಾಸಕ್ಕೆ ಪರ್ಮನೆಂಟ್ ಟೀಚರ್ ಇರೋವಾಗ ಕಾಂಟ್ರ್ಯಾಕ್ಟ್ ಯಾಕೆ ಅಂತ ಫೈನಾನ್ಸ್‌ನೋರು ಕೇಳ್ತಿದಾರೆ."

ವಾರಿಜಾಳ ಕೆಲಸವನ್ನು ವಾರಿಜಾಳೇ ಕಿತ್ತುಕೊಂಡಂತಾಯಿತು. ಆ ವರ್ಷ ಇತಿಹಾಸವನ್ನು 'ಹೆರಿಟೇಜ್ ಟೂರಿಸಂ' ಎಂದು ಹೆಸರು ಬದಲಿಸಿ ಮ್ಯಾನೇಜ್‌ಮೆಂಟ್ ವಿಭಾಗದ ಒಬ್ಬರಿಗೆ ಕೊಟ್ಟರು. ಕೇಳಿ ನನಗೆ ಮೈ ಉರಿಯಿತು. ನೆಟ್ಟಗೆ ಡೈರೆಕ್ಟರ ಕೊಠಡಿಗೆ ಹೋದೆ.

"ಸರ್, ಇದು ಅನ್ಯಾಯ. ಆಕೆ ನಿಮ್ಮ ಮಾತು ಕೇಳಿ ಸುಳ್ಳು ಹೇಳಿದ್ದು."

ಅವರು ಸಿಟ್ಟಾಗಲಿಲ್ಲ. ಅವರು ಎಂದೂ ಸಿಟ್ಟಾದವರಲ್ಲ. "ಕನ್ನಡ ಮೇಷ್ಟ್ರೇ, ಕೂತ್ಕೊಳ್ಳಿ. ವ್ಯಕ್ತಿಗಳನ್ನ ನೋಡ್ಬಾರ್ದು, ಸಂಸ್ಥೆ ನೋಡ್ಬೇಕು. ಇತಿಹಾಸ ನಮಗೆ ಕಲಿಸೋದೇ ಅದು" ಎಂದರು. ಜೇಬಿಗೆ ಕೈ ಹಾಕಿದರು. ಏಲಕ್ಕಿ ಬೇಡ ಸರ್ ಎಂದು ಹೇಳಿ ಎದ್ದು ಬಂದೆ. ವೀರಗಲ್ಲಿನ ಮುಂದೆ ಹೆಸರಿಲ್ಲದ ಒಬ್ಬ ಮನುಷ್ಯನಿಗಾಗಿ ಗದ್ಗದಿತವಾಗುತ್ತಿದ್ದ ಬಾಯಿ ಇದೇನಾ ಎಂದು ಮೆಟ್ಟಿಲಿಳಿಯುವಷ್ಟು ಹೊತ್ತೂ ಹೇಸಿಗೆಯಾಯಿತು.

ಇಲ್ಲಿಗೇ ನಿಂತಿದ್ದರೆ ಅದು ದಿನನಿತ್ಯ ಎಲ್ಲ ಕಡೆ ನಡೆಯುವ ಕತೆ. ಅದೇ ವರ್ಷ ವಾರಿಜಾಗೆ ಒಳ್ಳೆಯ ಕೆಲಸವೊಂದು ಒದಗಿಬಂತು. ಜಾಲಹಳ್ಳಿಯಲ್ಲಿ ಆಕೆ ಪಿಯು ಓದಿದ ಕಾಲೇಜಿನಲ್ಲೇ, ಇತಿಹಾಸಕ್ಕೆ ನಿಜವಾದ ಖಾಯಂ ಹುದ್ದೆ. ಸಂದರ್ಶನ ಚೆನ್ನಾಗಿ ಆಯಿತು. ಪ್ರಿನ್ಸಿಪಾಲರು, "ಯಾವಾಗ ಬಂದು ಸೇರ್ತೀರಾ?" ಎಂದು ಕೇಳಿಯೂ ಬಿಟ್ಟರು. ತವರುಮನೆಯಿಂದ ನಡೆದೇ ಹೋಗಬಹುದಾದ ದೂರ. ಆಕೆಯ ತಂದೆ, ನಿವೃತ್ತ ಕಾರ್ಖಾನೆ ನೌಕರ, ಅಂದೇ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರಂತೆ. ಎರಡು ದಿನ ಬಿಟ್ಟು ಕಾಲೇಜಿನಿಂದ ಫೋನು: ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ನೀವು ಖಾಯಂ ಅಧ್ಯಾಪಕಿ ಎಂದಿದೆ. ಅಲ್ಲಿಂದ ಬಿಡುಗಡೆ ಪತ್ರ ತನ್ನಿ, ಇಲ್ಲವೇ ನೀವು ಅಲ್ಲಿಲ್ಲ ಎಂದು ಬರೆಸಿಕೊಂಡು ಬನ್ನಿ. ಒಬ್ಬರೇ ಎರಡು ಕಡೆ ಕೆಲಸದಲ್ಲಿದ್ದ ಹಾಗಾದರೆ ನಮಗೆ ತೊಂದರೆ.

ಈ ಸಲ ಆಕೆಯ ಜೊತೆ ನಾನೂ ಹೋದೆ. ಡೈರೆಕ್ಟರು ಎದ್ದು ನಿಂತು ಅಭಿನಂದನೆ ಹೇಳಿದರು. "ನನ್ ಸ್ಟೂಡೆಂಟು!" ಎಂದು ನನ್ನ ಕಡೆ ನೋಡಿ ಹೆಮ್ಮೆಪಟ್ಟರು. ಆಮೇಲೆ ವಿಷಯ ಕೇಳಿ ಕೂತರು.

"ಬಿಡುಗಡೆ ಪತ್ರ ಕೊಡೋದು ಪರ್ಮನೆಂಟ್ ಇದ್ದೋರಿಗಮ್ಮ. ನೀನು ಕಾಂಟ್ರ್ಯಾಕ್ಟು. ಕರಾರು ಮುಗೀತು, ಹೋದೆ. ಅದಕ್ಕೆ ಪತ್ರ ಎಲ್ಲಿಂದ ತರ್ಲಿ?"

"ಸರಿ ಸರ್, ನಾನು ಕಾಂಟ್ರ್ಯಾಕ್ಟೇ ಅಂತ ಬರ್ದುಕೊಡಿ."

"ಅದು ಹೆಂಗಾಗುತ್ತೆ? ಟೀಮಿಗೆ ಪರ್ಮನೆಂಟ್ ಅಂತ ಕೊಟ್ಟಿದೀವಿ."

"ವೆಬ್‌ಸೈಟಿಂದ ಫೋಟೋನಾದ್ರೂ ತೆಗಿಸಿ ಸರ್."

"ಮುಂದಿನ ಟೀಮ್ ಬಂದು ಹೋಗೋವರ್ಗೂ ಅದನ್ನ ಮುಟ್ಟೋ ಹಾಗಿಲ್ಲ ಕಣಮ್ಮ. ದರ್ಜೆ ನಿಂತಿರೋದೇ ಅದರ ಮೇಲೆ. ನಿನ್ ಫೋಟೋ ಅಲ್ಲಿರೋದು ನಮಗೆ ಗೌರವ ಅಲ್ವಾ?"

ವಾರಿಜಾ ಅಳಲಿಲ್ಲ. ಅಲ್ಲಿಂದ ಛೇರ್ಮನ್ನರ ಬಳಿ ಹೋದೆವು. ಅವರು ಕಲ್ಯಾಣ ಮಂಟಪದ ಆಫೀಸಿನಲ್ಲಿ ಮದುವೆಯವರೊಬ್ಬರ ಜೊತೆ ದಿನ ಗೊತ್ತು ಮಾಡುತ್ತಿದ್ದರು. ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ಪೂರ್ತಿ ಕೇಳಿದರು. ತಲೆ ಕೆರೆದುಕೊಂಡರು.

"ಅಂಗಾರೆ ನೀನು ನಮ್ಮೋಳೇನಮ್ಮ, ಅಲ್ವೇನಮ್ಮ?"

"ಅದೇ ಸರ್, ನನಗೂ ಗೊತ್ತಾಗ್ಬೇಕಾಗಿರೋದು."

"ನಂಗೆ ಈ ಓದು ಬರವೆಲ್ಲ ತಿಳಿಯಾಕಿಲ್ಲ ಕಣವ್ವ. ಅದ್ಕೇ ಅಲ್ವಾ ಡೈರೆಕ್ಟ್ರನ್ನ ಮಡಗಿರೋದು. ಅವ್ರು ಯೋಳ್ದಂಗೆ. ಇರು, ಯೋಳ್ತೀನಿ ಅವ್ರಿಗೆ."

ಹೇಳಿದರೋ ಇಲ್ಲವೋ. ಕುಲಪತಿಗಳು ಎಂಬವರೊಬ್ಬರು ಇದ್ದರು, ಅವರನ್ನು ಕೇಳಿದರೆ ಇದು ವಿಭಾಗದ ಆಂತರಿಕ ವಿಷಯ ಎಂದರು. ವಿಭಾಗ ಎಂದರೆ ಡೈರೆಕ್ಟರು. ಡೈರೆಕ್ಟರನ್ನು ಕೇಳಿದರೆ ಮೇಲಿನವರ ತೀರ್ಮಾನ ಎಂದರು. ನಮ್ಮಲ್ಲಿ ಆಡಳಿತ ಎಂದರೆ ಇದೇ. ಮೇಲೂ ಯಾರೂ ಇರುತ್ತಿರಲಿಲ್ಲ, ಕೆಳಗೂ ಯಾರೂ ಇರುತ್ತಿರಲಿಲ್ಲ, ನಡುವೆ ಏಲಕ್ಕಿ ವಾಸನೆ ಮಾತ್ರ ಬರುತ್ತಿತ್ತು. ಜಾಲಹಳ್ಳಿಯ ಕಾಲೇಜಿನವರು ಒಂದು ತಿಂಗಳು ಕಾದರು, ಇನ್ನೊಂದು ವಾರ ಕಾದರು. ಆಮೇಲೆ ಬೇರೆಯವರನ್ನು ತೆಗೆದುಕೊಂಡರು. ಆ ಪ್ರಿನ್ಸಿಪಾಲರನ್ನು ನಾನು ದೂರುವುದಿಲ್ಲ. ವಾರಿಜಾಳ ತಂದೆ ಮಾತ್ರ ಅದಾದ ಮೇಲೆ ಸಂಜೆ ವಾಕಿಂಗಿಗೆ ಆ ಕಾಲೇಜಿನ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟರು ಎಂದು ಕೇಳಿದೆ.

ಇನ್ನು ಬೀಳ್ಕೊಡುಗೆ. ದೊಡ್ಡ ಹಾಲು, ಹೂವಿನ ಅಲಂಕಾರ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಯಶವಂತಪುರದವರು, ಹೆಬ್ಬಾಳದವರು ವೇದಿಕೆಯ ಮೇಲಿದ್ದರು. ಊಟ ಯಾವಾಗ ಎಂದು ಹೆಬ್ಬಾಳದವರಿಗೆ ಕಾರ್ಯಕ್ರಮದ ಆರಂಭದಲ್ಲೇ ತಿಳಿಸಲಾಗಿತ್ತು. ಡೈರೆಕ್ಟರು ಮಾತನಾಡಿದರು. ಎಂದಿನಂತೆ ಅದ್ಭುತವಾಗಿ ಮಾತನಾಡಿದರು. ತಾವು ಬಂದಾಗ ಈ ವಿಭಾಗದಲ್ಲಿ ಒಬ್ಬ ಖಾಯಂ ಅಧ್ಯಾಪಕನೂ ಇರಲಿಲ್ಲ, ಇಂದು ವೆಬ್‌ಸೈಟಿನ ಪುಟ ತೆರೆದು ನೋಡಿ, ಒಬ್ಬರೂ ತಾತ್ಕಾಲಿಕರಿಲ್ಲ ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಎದ್ದು ಊಟದ ಹಾಲಿನ ಕಡೆ ಹೋದೆ. ಹೋಳಿಗೆ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅವರಿಂದ ಫೋನು ಬಂದದ್ದು ಹೋದ ತಿಂಗಳು. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತು ಬಹಳ ಹೊತ್ತಾಗಿತ್ತು, ಮಾತಾಡಲು ಪುರುಸೊತ್ತಿತ್ತು.

"ಕನ್ನಡ ಮೇಷ್ಟ್ರೇ, ಏನ್ ಸಮಾಚಾರ? ಚೆನ್ನಾಗಿದೀರಾ?"

ದನಿಯಲ್ಲಿ ಏನೋ ಕಸಿವಿಸಿ. ನಿಧಾನವಾಗಿ ವಿಷಯಕ್ಕೆ ಬಂದರು. ದೇವನಹಳ್ಳಿಯ ಕಡೆ ಹೊಸದೊಂದು ವಿಶ್ವವಿದ್ಯಾಲಯ ಏಳುತ್ತಿದೆ. ಅದಕ್ಕೆ ಇವರನ್ನು ಕುಲಪತಿ ಮಾಡುವುದೆಂದು ಮಾತಾಗಿದೆ. ಕಾರು, ಬಂಗಲೆ, ಎಲ್ಲ. ಆದರೆ ಅಲ್ಲಿಯವರು ನೋಡಿದರೆ ನಮ್ಮ ವೆಬ್‌ಸೈಟಿನಲ್ಲಿ ಇವರ ಫೋಟೋ ಇನ್ನೂ ಹಾಗೇ ಇದೆ, ಸೇವೆಯಲ್ಲಿರುವ ಖಾಯಂ ಪ್ರೊಫೆಸರ್ ಎಂದು. ಬಿಡುಗಡೆ ಪತ್ರ ತನ್ನಿ ಎಂದಿದ್ದಾರೆ.

"ತರಬಹುದಲ್ಲ ಸರ್. ಈಗಿನ ಡೈರೆಕ್ಟರು ನಿಮ್ಮ ಶಿಷ್ಯರೇ ಅಲ್ವಾ?"

"ಅವನ ಹತ್ರಾನೇ ಹೋಗಿದ್ದೆ ಕಣ್ರೀ. ಟೀಮು ಬಂದು ಹೋಗೋವರ್ಗೂ ಮುಟ್ಟೋ ಹಾಗಿಲ್ಲ ಸರ್, ನೀವೇ ಕಲಿಸಿದ್ದಲ್ವಾ ಅಂತಾನೆ. ಎದುರಿಗೆ ಕೂತ್ಕೊಂಡು ನಗ್ತಾನೆ."

"ಮತ್ತೆ ಬಿಡುಗಡೆ ಪತ್ರ?"

"ನಿಮ್ಗೆ ಗೊತ್ತಿಲ್ಲ ಅನ್ಸುತ್ತೆ. ಅರವತ್ತಾದ್ಮೇಲೆ ನಾನೂ ಕಾಂಟ್ರ್ಯಾಕ್ಟಲ್ಲೇ ಇದ್ದೆ. ಹನ್ನೊಂದ್ ಹನ್ನೊಂದ್ ತಿಂಗಳು. ಕಾಂಟ್ರ್ಯಾಕ್ಟ್‌ನವರಿಗೆ ಬಿಡುಗಡೆ ಪತ್ರ ಎಲ್ಲಿಂದ ಬರುತ್ತೆ ಅಂದ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕರಾರಿನವರಿಗೆಲ್ಲ ಸ್ವಾವಲಂಬನೆ ಬೋಧಿಸುತ್ತ, ತಾವೂ ಪ್ರತಿ ಜೂನಿನಲ್ಲಿ ಯಾರೂ ಅಲ್ಲದವರಾಗಿ ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಗು ಬಂತು. ಬಸ್ಸಿನಲ್ಲಿದ್ದವರು ನೋಡುತ್ತಾರೆಂದು ತಡೆದುಕೊಂಡೆ.

"ಛೇರ್ಮನ್ನರನ್ನ ಕೇಳಿದ್ರಾ ಸರ್?"

"ಕೇಳ್ದೆ. ಕಾಫಿ ಕೊಟ್ರು. ಡೈರೆಕ್ಟ್ರನ್ನ ಕೇಳಿ ಅಂದ್ರು." ಆಮೇಲೆ ದನಿ ತಗ್ಗಿಸಿ, "ಅಲ್ಲಾ ಮೇಷ್ಟ್ರೇ, ಅದಕ್ಕೇ ಫೋನ್ ಮಾಡಿದ್ದು ನಿಮ್ಗೆ. ಆ ವಾರಿಜಾಗೂ ಹಿಂಗೇ ಆಗಿತ್ತಲ್ಲ. ಅವ್ಳು ಹೆಂಗೆ ಬಿಡಿಸ್ಕೊಂಡ್ಲು ಇದ್ರಿಂದ? ಏನಾದ್ರೂ ದಾರಿ ಕಂಡ್ಕೊಂಡಿರ್ಬೇಕಲ್ಲ?"

"ಬಿಡಿಸ್ಕೊಂಡಿಲ್ಲ ಸರ್" ಎಂದೆ. "ಅವರ ಫೋಟೋ ಇವತ್ತಿಗೂ ಅಲ್ಲೇ ಇದೆ, ನಿಮ್ಮ ಫೋಟೋದ ಕೆಳಗಡೆ. ಜಾಲಹಳ್ಳಿ ಕೆಲಸ ಹೋಯ್ತು. ಆಮೇಲೆ ಇನ್ನೂ ಎರಡು ಕಡೆ ಸೆಲೆಕ್ಟ್ ಆದ್ರು, ಅಲ್ಲೂ ಇದೇ ಕೇಳಿದ್ರು. ಈಗ ಮನೇಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಟ್ಯೂಷನ್ ಹೇಳ್ಕೊಡ್ತಾರೆ."

ಬಸ್ಸು ಒಂದಿಷ್ಟು ಮುಂದೆ ಹೋಗಿ ಮತ್ತೆ ನಿಂತಿತು. ಏನಾದರೂ ಹೇಳುತ್ತಾರೆ ಎಂದು ಕಾದೆ. ಎಷ್ಟಾದರೂ ಆಕೆ ಅವರ ಶಿಷ್ಯೆ, ಎಷ್ಟಾದರೂ ಅವರು ಒಂದು ಕಾಲಕ್ಕೆ ವೀರಗಲ್ಲಿನ ಮುಂದೆ ನಿಂತು ಅಂಥ ಪಾಠ ಮಾಡಿದ ಮನುಷ್ಯ. ಒಂದು ಮಾತು ಆಡಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲವೋ ಏನೋ.

"ಪಾಪ" ಎಂದರು. ಗಂಟಲು ಸರಿ ಮಾಡಿಕೊಂಡರು. "ಅದಿರ್ಲಿ ಕಣ್ರೀ, ಈಗ ನಂದೇನ್ ಮಾಡೋದು ಹೇಳಿ."